ತೇಲಿ ಬಂದ ಅತ್ತೆಮನೆ

ತಂಬಿಲಾನಿನ ತರಾತಿಯನ್ನು ನಿನ್ನ ವಯಸ್ಸೆಷ್ಟು ಎಂದು ಕೇಳಿದರೆ, "ದೊಡ್ಡ ಟೂನಾ ಸುಗ್ಗಿ ಬಂದ ವರ್ಷ ನಂಗೆ ಹಲ್ಲು ಬಂತು" ಎನ್ನುತ್ತಾಳೆ. ಆ ಸುಗ್ಗಿ ಬಂದದ್ದು ಯಾವ ವರ್ಷ ಎಂದರೆ, "ನಂಗೆ ಹಲ್ಲು ಬಂದ ವರ್ಷ" ಎನ್ನುತ್ತಾಳೆ. ಈ ಲೆಕ್ಕದಲ್ಲಿ ತಪ್ಪು ಹುಡುಕುವುದು ಈವರೆಗೆ ಯಾವ ಸರ್ಕಾರಕ್ಕೂ ಸಾಧ್ಯವಾಗಿಲ್ಲ. ಅದಕ್ಕೇ ಇರಬೇಕು, ಯಾವ ಸರ್ಕಾರವೂ ಅವಳನ್ನು ತನ್ನ ಲೆಕ್ಕಕ್ಕೆ ಸೇರಿಸಿಕೊಂಡಿಲ್ಲ.

ಸೇರಿಸಿಕೊಳ್ಳದೆ ಬಿಟ್ಟದ್ದು ಅವಳೊಬ್ಬಳನ್ನೇ ಅಲ್ಲ, ನಮ್ಮೆಲ್ಲರನ್ನೂ. ದೊಡ್ಡವರು ಸಮುದ್ರದ ಮೇಲೆ ಗೆರೆ ಎಳೆದ ದಿನ ನಮ್ಮ ತಾತಂದಿರು ಸರಿಯಾಗಿ ಆ ಗೆರೆಯ ಮೇಲೆಯೇ ಬಲೆ ಬೀಸಿ ಕೂತಿದ್ದರು. ಗೆರೆಯ ಆಚೆಯವರು, ಇವರು ಈಚೆಯವರು ಎಂದರು. ಈಚೆಯವರು, ಇವರು ಆಚೆಯವರು ಎಂದರು. ತಾತಂದಿರ ಬಲೆಗೆ ಆಗಷ್ಟೇ ಮೀನು ಬಿದ್ದಿತ್ತಾದ್ದರಿಂದ ಅವರು ತಲೆಯೆತ್ತಿ ನೋಡಲಿಲ್ಲ. ಹೀಗಾಗಿ ನಾವು ಮಲೇಷ್ಯಾದವರೂ ಅಲ್ಲ, ಫಿಲಿಪ್ಪೀನ್ಸಿನವರೂ ಅಲ್ಲ, ಸಮುದ್ರದ ಸಾಮಾ ಜನ. ನಮ್ಮೂರು ತಂಬಿಲಾನ್ ಎಂಬುದು ಮಲೇಷ್ಯಾದ ಸೆಂಪೊರ್ನಾ ಪಟ್ಟಣದಿಂದ ದೋಣಿಯಲ್ಲಿ ಒಂದು ಗಂಟೆ ದೂರ, ಹವಳದ ದಿಬ್ಬದ ಮೇಲೆ ಕಂಬ ನೆಟ್ಟು ನಿಲ್ಲಿಸಿದ ಅರವತ್ತು ಮನೆ. ಕೆಳಗೆ ನೀರು, ಮೇಲೆ ಜಗಳ.

ಇಂಥ ಊರಿನಲ್ಲಿ ತರಾತಿ ಒಂದು ಶಾಲೆಯ ಸಂಸ್ಥಾಪಕಿ. ಶಾಲೆ ಕಟ್ಟಿದ ಮಹಾನುಭಾವರ ಚರಿತ್ರೆಗಳಲ್ಲಿ ಅಡಿಗಲ್ಲು ಇರುತ್ತದೆ, ದಾನಿಗಳಿರುತ್ತಾರೆ, ಹಾರ ಹಾಕಿಸಿಕೊಂಡ ಚಿತ್ರವಿರುತ್ತದೆ. ಈ ಚರಿತ್ರೆಯಲ್ಲಿ ಅದೊಂದೂ ಇಲ್ಲ. ಅಡಿಗಲ್ಲು ಹಾಕಿದ್ದರೆ ಮುಳುಗಿಹೋಗುತ್ತಿತ್ತು.

ತರಾತಿಯ ಕಸುಬು ಪುತು ಮಾರುವುದು. ಮರಗೆಣಸು ತುರಿದು, ರಸ ಹಿಂಡಿ, ಹಬೆಯಲ್ಲಿ ಬೇಯಿಸಿದ ಬಿಳಿ ಮುದ್ದೆ ಪುತು. ಅದಿಲ್ಲದೆ ನಮ್ಮವರಿಗೆ ಮೀನು ಗಂಟಲಲ್ಲಿ ಇಳಿಯುವುದಿಲ್ಲ. ಬೆಳಕು ಹರಿಯುತ್ತಲೇ ಅವಳು ತನ್ನ ಪುಟ್ಟ ದೋಣಿಯಲ್ಲಿ ಬುಟ್ಟಿಯಿಟ್ಟುಕೊಂಡು ಮನೆಯಿಂದ ಮನೆಗೆ ಹುಟ್ಟು ಹಾಕುತ್ತ, ಒಂದು ಕೈಯಿಂದ ಪುತು ಕೊಟ್ಟು ಇನ್ನೊಂದು ಕೈಯಿಂದ ಮೀನು ಈಸಿಕೊಳ್ಳುತ್ತ, ಬಾಯಿಂದ ಊರಿನ ಸುದ್ದಿಯನ್ನೆಲ್ಲ ಹಂಚುತ್ತ ಹೋಗುವಳು. ಗಿಡ್ಡ ದೇಹ, ಅಗಲ ಭುಜ, ಮೂರು ಮನೆಯಾಚೆಗೆ ಪಿಸುಗುಟ್ಟಿದರೂ ಕೇಳುವಂಥ ಗಂಟಲು. ಒಮ್ಮೆ ಮೊಮ್ಮಗಳು ಸಿಪುತ್‌ಗೆ ಹೊಸ ಲಂಗ ತೊಡಿಸಿ ಪಟ್ಟಣದ ಶಾಲೆಗೆ ಕರೆದುಕೊಂಡು ಹೋಗಿದ್ದಳಂತೆ. ಗೇಟಿನಲ್ಲಿ ಹುಟ್ಟಿದ ಕಾಗದ ಕೇಳಿದರು. "ಹುಟ್ಟಿದ್ದಕ್ಕೆ ಇವಳೇ ಸಾಕ್ಷಿ, ನೋಡಿ ಉಸಿರಾಡ್ತಿದಾಳೆ" ಎಂದಳಂತೆ. ಉಸಿರಾಟಕ್ಕೆ ಅಲ್ಲಿ ಕಿಮ್ಮತ್ತಿರಲಿಲ್ಲ. ಈ ಪ್ರಸಂಗವನ್ನು ತರಾತಿ ಯಾವಾಗಲೂ ನಗುನಗುತ್ತಲೇ ಹೇಳುತ್ತಾಳೆ. ಸಿಪುತ್ ಎದುರಿಗಿದ್ದರೆ ಮಾತ್ರ ಹೇಳುವುದಿಲ್ಲ.

ಶಾಲೆ ಹುಟ್ಟಿದ್ದು ಒಂದು ನೀಲಿ ಹಲಗೆಯ ದೆಸೆಯಿಂದ. ನಮ್ಮೂರ ಯಜಮಾನ ಪಂಗ್ಲಿಮಾ ಅತಾಲ್ ಅದನ್ನು ಒಂಬತ್ತು ವರ್ಷದಿಂದ ತನ್ನ ಬಾಗಿಲ ಮೇಲೆ ಹೊಡೆದಿಟ್ಟಿದ್ದ. ಒಂದು ಬಿರುಗಾಳಿಯ ಮರುದಿನ ತೇಲಿ ಬಂದ ಹಲಗೆ ಅದು, ಅದರ ತುಂಬ ಬಿಳಿ ಅಕ್ಷರ. ಹಿಂದೆ ಈ ಸಮುದ್ರವನ್ನಾಳಿದ ಸುಲುವಿನ ಸುಲ್ತಾನರು ತನ್ನ ಮುತ್ತಾತನಿಗೆ ಬರೆದುಕೊಟ್ಟ ಸನ್ನದು ಇದು, ಕಳೆದುಹೋಗಿದ್ದು ತಾನಾಗಿಯೇ ಮನೆಗೆ ಬಂತು ಎಂದು ಪಂಗ್ಲಿಮಾನ ವ್ಯಾಖ್ಯಾನ. ಅದರ ಕೆಳಗೆ ಹಾಯುವವರೆಲ್ಲ ತಲೆ ಬಗ್ಗಿಸಬೇಕಿತ್ತು. ಬಲೆ ಕದ್ದ ತಗಾದೆಗಳಲ್ಲಿ ಅದರ ಮೇಲೆ ಕೈಯಿಟ್ಟು ಆಣೆ ಮಾಡಿಸುತ್ತಿದ್ದರು.

ಹೀಗಿರಲು ಮುಸಾರಿ ಊರಿಗೆ ಮರಳಿದ. ಹತ್ತು ವರ್ಷದವನಾಗಿದ್ದಾಗ ಮೀನು ಹೊರಲು ಪಟ್ಟಣಕ್ಕೆ ಹೋದವನು, ಅಲ್ಲಿ ಒಬ್ಬ ಮುದಿ ಅಂಗಡಿಯವನ ಹತ್ತಿರ ಓದುಬರಹ ಕಲಿತು, ಇಪ್ಪತ್ತೆರಡಕ್ಕೆ ಓಡದ ಕೈಗಡಿಯಾರ ಮತ್ತು ಓಡುವ ಅಕ್ಷರಗಳೊಂದಿಗೆ ಬಂದಿದ್ದ. ಮೆತ್ತಗಿನ ಮನುಷ್ಯ. ಸುಳ್ಳು ಹೇಳಬೇಕೆಂದರೂ ನಾಲಿಗೆ ಹೊರಳದು. ಪಂಗ್ಲಿಮಾ ಊರ ಮುಂದೆ ಅವನನ್ನು ಹಲಗೆಯ ಕೆಳಗೆ ನಿಲ್ಲಿಸಿದ.

"ಓದಪ್ಪಾ, ಸುಲ್ತಾನರು ಏನಂತಾರೆ ಎಲ್ರಿಗೂ ಕೇಳ್ಲಿ."

ಮುಸಾರಿ ಓದಿದ, ಬೆವರಿದ, ಇನ್ನೊಮ್ಮೆ ಓದಿದ. "ಈಜು ಬರದೇ ಇರೋರು ಈ ಕೊಳಕ್ಕೆ ಇಳೀಬಾರ್ದಂತೆ ಪಂಗ್ಲಿಮಾ. ಆಮೇಲೆ... ಹೋಟ್ಲಿನ ಟವೆಲ್ ಹೊರಗೆ ತಗೊಂಡು ಹೋಗ್ಬಾರ್ದಂತೆ."

ಪಂಗ್ಲಿಮಾ ಗಡ್ಡ ನೀವಿಕೊಂಡು ಗಂಭೀರವಾಗಿ ಹೇಳಿದ: "ಸುಲ್ತಾನರು ದೂರದೃಷ್ಟಿಯವ್ರು. ಟವೆಲ್ ಬರೋಕೆ ಮುಂಚೇನೇ ಅದರ ಬಗ್ಗೆ ಯೋಚ್ನೆ ಮಾಡಿದ್ರು."

ಬಾಗಿಲ ಕೆಳಗೆ ದೋಣಿಯಲ್ಲಿ ನಿಂತಿದ್ದ ತರಾತಿ ನಕ್ಕ ರಭಸಕ್ಕೆ ದೋಣಿ ಮಗುಚಿತು. ಬುಟ್ಟಿ ಒಂದು ಕಡೆ, ಅವಳು ಒಂದು ಕಡೆ. ಪುತು ತಿನ್ನಲು ಮೀನುಗಳು ಬಂದವು. ನೀರಿನಿಂದ ತಲೆ ಹೊರಹಾಕಿದವಳೇ ಉಗುಳುತ್ತ ಕೂಗಿದಳು: "ಒಂಬತ್ತು ವರ್ಷ ಟವೆಲ್‌ಗೆ ತಲೆ ಬಗ್ಗಿಸಿದೀನಲ್ಲೋ! ನನ್ನ ಮೊಮ್ಮಕ್ಕಳು ಬಗ್ಗಿಸ್ಬಾರ್ದು. ಏ ಮುಸಾರಿ, ನಾಳೆಯಿಂದ ಕಲಿಸು!"

"ಎಲ್ಲಿ ಕಲಿಸ್ಲಿ ಚಿಕ್ಕಮ್ಮಾ?"

"ಈ ದೋಣೀಲಿ. ಮೊದ್ಲು ಇದನ್ನ ಮಗುಚಿ ನೆಟ್ಟಗೆ ಮಾಡು."

ಶಾಲೆಯ ಮೊದಲ ಕಟ್ಟಡ ಆ ದೋಣಿಯೇ. ಆರು ಮಕ್ಕಳು, ಒಂದು ಪುತು ಬುಟ್ಟಿ, ಒಬ್ಬ ಮೇಷ್ಟ್ರು. ಒಂಬತ್ತನೆಯ ಮಗು ಹತ್ತಿದ ದಿನ ಇಡೀ ಶಾಲೆ ಮುಳುಗಿತು. ಹಾಜರಿ ಮಾತ್ರ ಪೂರ್ತಿ, ಎಲ್ಲರೂ ತೇಲುತ್ತಲೇ "ಇದ್ದೀನಿ" ಎಂದರು. ಎರಡು ದೋಣಿ ಸೇರಿಸಿ ಕಟ್ಟಿದರು. ಹದಿನೈದಾದಾಗ ತರಾತಿಯ ಜಗಲಿಗೆ ಬಂತು. ಇಪ್ಪತ್ತಾದಾಗ ಮನೆಯೊಳಗೆ ನುಗ್ಗಿತು. ತರಾತಿ ತನ್ನ ಒಲೆಯನ್ನು ದೋಣಿಗೆ ಸಾಗಿಸಿ ಅಲ್ಲೇ ಅಡುಗೆ ಶುರುಮಾಡಿದಳು. ಅಂದರೆ ಶಾಲೆ ದೋಣಿಯಿಂದ ಮನೆಗೂ ಮನೆ ದೋಣಿಗೂ ವರ್ಗವಾದವು. ಕಪ್ಪುಹಲಗೆ ಬೇರೆ ಇರಲಿಲ್ಲ. ಇಳಿತದ ಹೊತ್ತಿಗೆ ನೀರು ಸರಿದು ಮರಳು ಬಯಲಾದಾಗ ಮಕ್ಕಳು ಇಳಿದು ಕೋಲಿನಿಂದ ಮಾರುದ್ದದ ಅಕ್ಷರ ಬರೆಯುವರು. ಉಬ್ಬರ ಬಂದು ಒರೆಸಿಕೊಂಡು ಹೋಗುವುದು. ನಮ್ಮ ಶಾಲೆಯ ವೇಳಾಪಟ್ಟಿ ಬರೆಯುವವನು ಚಂದ್ರ. ಅವನು ದಿನಕ್ಕೆ ಮುಕ್ಕಾಲು ಗಂಟೆ ತಡವಾಗಿ ಬರುವ ಮೈಗಳ್ಳ. ಆದರೂ ರಜೆ ಹಾಕಿದವನಲ್ಲ.

ಇಪ್ಪತ್ತಮೂರನೆಯ ಮಗು ಸೇರಿದ ವಾರ ಸಿಪುತ್ ಬಿಸ್ಕತ್ ಡಬ್ಬಿಯ ಮೇಲಿನ ಹೆಸರನ್ನು ಓದಿದಳು. ಅದೇ ವಾರ ಮೇಷ್ಟ್ರು ಪ್ರೇಮದಲ್ಲಿ ಬಿದ್ದ.

ಹುಡುಗಿ ಜಲ್ಮಾ, ಲೋಕ್ ಬುವಾದವಳು. ಅದು ಎರಡು ಗಂಟೆ ದೂರದ ಇನ್ನೊಂದು ನೀರೂರು. ಹುಡುಗಿ ಒಪ್ಪಿದಳು, ಹುಡುಗ ಮೊದಲೇ ಒಪ್ಪಿ ಕೂತಿದ್ದ. ಅಡ್ಡಿ ಇದ್ದದ್ದು ಪದ್ಧತಿಯಲ್ಲಿ. ನಮ್ಮಲ್ಲಿ ಮದುವೆಯಾದ ಗಂಡು ಹೆಂಡತಿಯ ತಾಯಿಯ ಪಕ್ಕದಲ್ಲೇ ದೋಣಿ ಕಟ್ಟಬೇಕು. ಜಲ್ಮಾಳ ತಾಯಿ ಬುಲಾವಾನ್ ವಿಧವೆ, ಇರುವವಳು ಒಬ್ಬಳೇ ಮಗಳು. ಮುಸಾರಿ ಲೋಕ್ ಬುವಾಕ್ಕೆ ಹೋದನೆಂದರೆ ಅಕ್ಷರಗಳೂ ಅವನ ಜೊತೆಗೇ ಹೋದವು. ನಮ್ಮ ಕಡೆ ಅಕ್ಷರ ಬಲ್ಲ ಇನ್ನೊಬ್ಬನಿಲ್ಲ. ಕಾಗದವಿಲ್ಲದ ಊರಿಗೆ ಪಟ್ಟಣದಿಂದ ಯಾವ ಮೇಷ್ಟ್ರೂ ಬರುವುದಿಲ್ಲ.

ಸುದ್ದಿ ಕೇಳಿದ ದಿನ ತರಾತಿ ಪುತು ಬೇಯಿಸಲಿಲ್ಲ. ಊರು ಹಸಿದುಕೊಂಡು ಅವಳ ಮನೆಯ ಮುಂದೆ ಸೇರಿತು.

"ಬೇರೆ ಹುಡುಗೀನ ನೋಡಿದ್ರಾಯ್ತು, ನಮ್ಮೂರಲ್ಲಿ ಇಲ್ವಾ?" ಎಂದ ಪಂಗ್ಲಿಮಾ.

"ಹುಡುಗೀನ ಬದಲಾಯಿಸೋಕಾಗಲ್ಲ" ಎಂದಳು ತರಾತಿ. "ಅವನ ಮುಖ ನೋಡಿದ್ರಾ? ಗಾಳಕ್ಕೆ ಸಿಕ್ಕಿದ ಮೀನು. ಬದಲಾಯಿಸಬೇಕಾಗಿರೋದು ಅತ್ತೆ ಇರೋ ಜಾಗ."

"ಅವಳು ಮನೆ ಬಿಟ್ಟು ಬರ್ತಾಳಾ?"

"ಬಿಟ್ಟು ಯಾಕೆ ಬರ್ಬೇಕು?"

ರಾಯಭಾರ ಹೊರಟಿತು. ತರಾತಿ, ಪಂಗ್ಲಿಮಾ, ಬಾಯಿ ಮುಚ್ಚಿಕೊಂಡಿರಬೇಕೆಂಬ ಷರತ್ತಿನ ಮೇಲೆ ಮುಸಾರಿ, ಮತ್ತು ಎಂಜಿನ್ ದೋಣಿ ಇದ್ದ ತಪ್ಪಿಗೆ ನಾನು. ಬುಲಾವಾನ್ ಬಾಗಿಲಲ್ಲೇ ನಿಂತಿದ್ದಳು. ಎತ್ತರದ ಹೆಂಗಸು. ಬಿಸಿಲು ತಾಗದಿರಲೆಂದು ಕೆನ್ನೆಗೆ ಬಳಿದುಕೊಂಡ ಅಕ್ಕಿಹಿಟ್ಟಿನ ಲೇಪದಲ್ಲಿ ಯುದ್ಧಕ್ಕೆ ಹೊರಟವಳ ಹಾಗೆ ಕಾಣುತ್ತಿದ್ದಳು. ತರಾತಿ ಪುತು ಕೊಟ್ಟಳು. ಬುಲಾವಾನ್ ಒಂದು ಚೂರು ಬಾಯಿಗಿಟ್ಟು, "ನೀರು ಸರಿಯಾಗಿ ಹಿಂಡಿಲ್ಲ" ಎಂದಳು. ಸಮಬಲದ ವೀರರು ಹೀಗೆ ಪರಸ್ಪರ ಗುರುತಿಸಿಕೊಂಡರು.

"ಅಕ್ಕಾ, ನಮ್ಮೂರಿಗೆ ಬಂದುಬಿಡಿ" ಎಂದಳು ತರಾತಿ. "ಶಾಲೆಗೆ ನಿಮ್ಮಳಿಯ ಬೇಕು, ಅಳಿಯನಿಗೆ ನಿಮ್ಮ ಮಗಳು ಬೇಕು, ಮಗಳಿಗೆ ನೀವು ಬೇಕು."

"ನಂಗೆ?"

"ನಿಮಗೆ ಜಗಳ ಆಡೋಕೆ ನಾನಿದೀನಿ."

ಬುಲಾವಾನ್ ನಗಲಿಲ್ಲ. ಮನೆಯ ಮೂಲೆಯನ್ನು ತೋರಿಸಿದಳು. ಅಲ್ಲಿ ಹಿರಿಯರ ಜಾಗ. ಬಿಳಿಬಟ್ಟೆ ಹಾಸಿ, ಅಕ್ಕಿಯ ಗುಪ್ಪೆಯ ಮೇಲೆ ತೆಂಗಿನಕಾಯಿ ಇಟ್ಟಿದ್ದಳು. ಏಳು ತಲೆಮಾರಿನವರು ಆ ಅಕ್ಕಿಯ ಮೇಲೆ ಕೂತಿದ್ದಾರೆಂದು ಲೆಕ್ಕ. "ನಂಗೆ ವಧುದಕ್ಷಿಣೆ ಬೇಡ, ಬಟ್ಟೆ ಬೇಡ. ಈ ಮನೇದು ಒಂದು ಹಲಗೇನೂ ಬಿಚ್ಚಬಾರ್ದು. ಆ ಕಾಯಿ ಉರುಳಬಾರ್ದು. ಹಂಗೆ ತಗೊಂಡು ಹೋಗೋದಾದ್ರೆ ತಗೊಂಡು ಹೋಗಿ."

ಇದು ಇಲ್ಲ ಎನ್ನುವ ಮರ್ಯಾದೆಯ ರೀತಿ. ಪಂಗ್ಲಿಮಾನಿಗೂ ಅರ್ಥವಾಯಿತು, ನನಗೂ ಅರ್ಥವಾಯಿತು, ಮುಸಾರಿಯ ಕಣ್ಣಲ್ಲಿ ನೀರೇ ಬಂತು. ತರಾತಿಗೊಬ್ಬಳಿಗೆ ಅರ್ಥವಾಗಲಿಲ್ಲ, ಅಥವಾ ಅರ್ಥ ಮಾಡಿಕೊಳ್ಳಲು ಅವಳಿಗೆ ಪುರುಸೊತ್ತಿರಲಿಲ್ಲ. ಅವಳು ಆಗಲೇ ಬಗ್ಗಿ ನೆಲದ ಸಂದಿಯಿಂದ ಕೆಳಗಿನ ನೀರಿನ ಆಳ ನೋಡುತ್ತಿದ್ದಳು.

"ಹುಣ್ಣಿಮೆ ದಿನ ಬರ್ತೀವಿ ಅಕ್ಕಾ" ಎಂದಳು. "ಪಾತ್ರೆ ಎಲ್ಲ ಕಟ್ಟಿಟ್ಟಿರಿ."

ಹುಣ್ಣಿಮೆಯ ಬೆಳಿಗ್ಗೆ ಲೋಕ್ ಬುವಾ ಹಿಂದೆಂದೂ ಕಾಣದ ನೌಕಾಸೈನ್ಯವನ್ನು ಕಂಡಿತು. ಎಂಟು ದೊಡ್ಡ ದೋಣಿ, ಎಳೆಯಲು ಎರಡು ಎಂಜಿನ್ ದೋಣಿ, ನಲವತ್ತು ಗಂಡಸರು, ಸೇನಾಪತಿಯ ಸ್ಥಾನದಲ್ಲಿ ಪುತು ಬುಟ್ಟಿಯೊಂದಿಗೆ ತರಾತಿ. ಇಳಿತಕ್ಕೆ ನೀರು ಪೂರಾ ಸರಿದಿತ್ತು. ಮನೆಯ ಕೆಳಗೆ ಮರಳಿನ ಮೇಲೆ ಎಂಟು ದೋಣಿಗಳನ್ನು ಸಾಲಾಗಿ ನುಗ್ಗಿಸಿ, ಒಂದಕ್ಕೊಂದು ಬಿಗಿದು, ದೋಣಿಗೂ ನೆಲದ ತೊಲೆಗೂ ನಡುವೆ ತೆಂಗಿನ ಕೊರಡು ತುಂಬಿದೆವು. ಕಂಬಕ್ಕೂ ತೊಲೆಗೂ ಕಟ್ಟಿದ್ದ ಹಗ್ಗ ಬಿಚ್ಚಿದೆವು. ಆಮೇಲೆ ಕೂತು ಪುತು ತಿಂದೆವು. ಉಳಿದ ಕೆಲಸ ಸಮುದ್ರದ್ದು.

ಮಧ್ಯಾಹ್ನದ ಹೊತ್ತಿಗೆ ಉಬ್ಬರ ಬಂತು. ನೀರು ಮೊಣಕಾಲಿಗೆ, ಸೊಂಟಕ್ಕೆ, ಎದೆಗೆ. ದೋಣಿಗಳು ನರಳಿದವು. ಮನೆ ಕರಕರ ಎಂದಿತು. ಆಮೇಲೆ, ಯಾರೂ ಮುಟ್ಟದೆ, ಇಡೀ ಮನೆ ತನ್ನ ಕಂಬಗಳಿಂದ ಒಂದು ಗೇಣು ಮೇಲೆದ್ದಿತು. ಕೋಳಿ ಮೊಟ್ಟೆಯ ಮೇಲಿಂದ ಎದ್ದ ಹಾಗೆ. ಕಿಟಕಿಯಲ್ಲಿ ಬುಲಾವಾನಳ ಮುಖ ಕಾಣಿಸಿತು. ಅವಳು ಒಳಗೇ ಇದ್ದಳು. ಏಳು ತಲೆಮಾರನ್ನು ಒಂಟಿಯಾಗಿ ಬಿಟ್ಟು ಇಳಿಯುವವಳಲ್ಲ. ಜಲ್ಮಾ ಮೂಲೆಯಲ್ಲಿ ತೆಂಗಿನಕಾಯಿಯ ಎರಡೂ ಕಡೆ ಅಂಗೈ ಒಡ್ಡಿ ಕೂತಿದ್ದಳು, ಮುಟ್ಟುವಂತಿಲ್ಲ.

"ಎಳೀರೋ!" ಎಂದಳು ತರಾತಿ. ಎಂಜಿನ್‌ಗಳು ಕೆಮ್ಮಿದವು. ಮನೆ ಹೊರಟಿತು.

ಹೊರಟಾಗ ಹಿಂದೆ ಎಲ್ಲೋ ಫಟಾರೆಂದು ಸದ್ದಾಯಿತು. ಜಯಘೋಷದಲ್ಲಿ ಯಾರೂ ಗಮನಿಸಲಿಲ್ಲ. ಅರ್ಧ ಗಂಟೆ ಸಾಗಿದ ಮೇಲೆ ಮನೆಯ ಹಿಂಬದಿಯಿಂದ ಹೊಗೆ ಕಾಣಿಸಿತು. ಹೋಗಿ ನೋಡಿದರೆ ಅಲ್ಲೊಂದು ಅಡುಗೆಮನೆ, ಅದರಲ್ಲೊಬ್ಬ ಮುದುಕ. ನಮ್ಮ ಊರುಗಳಲ್ಲಿ ಒಬ್ಬರ ಮನೆಯ ತೊಲೆಯ ಮೇಲೆ ಇನ್ನೊಬ್ಬರ ಅಡುಗೆಮನೆ ಒರಗಿಕೊಂಡಿರುವುದು ರೂಢಿ. ಕಂಬದ ಹಗ್ಗವನ್ನೆಲ್ಲ ಬಿಚ್ಚಿದ ನಾವು ಪಕ್ಕದ ಮನೆಯವನ ಈ ಒರಗನ್ನು ಮರೆತೇಬಿಟ್ಟಿದ್ದೆವು. ಅಡುಗೆಮನೆ ಅತ್ತ ಕಿತ್ತುಕೊಂಡು ಇತ್ತ ಬಂದಿತ್ತು. ಮುದುಕ ಸಲ್ಬಾನ್, ಬುಲಾವಾನಳ ನೆರೆಯವನು, ಏನೂ ಆಗದವನಂತೆ ಮೀನು ಹುರಿಯುತ್ತಿದ್ದ.

"ಅಯ್ಯೋ ತಾತಾ, ನಿಮ್ಮನ್ನೂ ತಂದುಬಿಟ್ವಲ್ಲ!" ಎಂದಳು ತರಾತಿ.

"ನೋಡ್ತಾನೇ ಇದೀನಿ" ಎಂದ ಸಲ್ಬಾನ್. "ಮೂವತ್ತು ವರ್ಷದಿಂದ ಒಂದೇ ಕಿಟಕಿ, ಒಂದೇ ನೋಟ. ಇವತ್ತು ಪರವಾಗಿಲ್ಲ, ಚೆನ್ನಾಗಿದೆ. ಉಪ್ಪು ಇದ್ರೆ ಕೊಡು, ನಂದು ಆ ಕಡೆ ಉಳೀತು."

ನಡುಸಮುದ್ರಕ್ಕೆ ಬರುವಾಗ ಕಾಗದ ಕೇಳುವ ದೋಣಿ ಬಂತು. ಬೂದು ಬಣ್ಣ, ದೊಡ್ಡ ಎಂಜಿನ್, ಮೇಲೆ ಟೋಪಿ ಹಾಕಿದ ಎಳೆಯ ಅಧಿಕಾರಿ. ನಲವತ್ತು ಗಂಡಸರ ಧೈರ್ಯ ಒಟ್ಟಿಗೆ ನೀರಿಗೆ ಬಿತ್ತು. ಅಧಿಕಾರಿ ಮನೆಯನ್ನು ನೋಡಿದ, ಪರದೆಯನ್ನು ನೋಡಿದ, ಹೊಗೆಯನ್ನು ನೋಡಿದ.

"ಏನಿದು?"

"ಮನೆ ಸಾರ್" ಎಂದಳು ತರಾತಿ.

"ಮನೆ ಅಂತ ನಂಗೂ ಕಾಣುತ್ತೆ. ಎಲ್ಲಿಗೆ ಹೋಗ್ತಿದೆ?"

"ಅಳಿಯನ ಊರಿಗೆ ಸಾರ್. ಬೀಗಿತ್ತಿ ಮನೆ."

"ನೀರ ಮೇಲೆ ಹೋಗೋದಾದ್ರೆ ಇದು ದೋಣಿ. ದೋಣಿಗೆ ನೋಂದಣಿ ಬೇಕು."

"ದೋಣಿಗೆ ಯಾರಾದ್ರೂ ಪರದೆ ಹಾಕ್ತಾರಾ ಸಾರ್?"

"ಹಂಗಾದ್ರೆ ಮನೆ. ಮನೆ ನಂಬರ್ ಎಲ್ಲಿ?"

"ಒಂದು ಕಡೆ ನಿಂತ್ಕೊಳ್ಲಿ ಸಾರ್, ಆಮೇಲೆ ನೀವೇ ಒಂದು ನಂಬರ್ ಕೊಡಿ. ಇಷ್ಟು ವರ್ಷದಿಂದ ಅದಕ್ಕೇ ಕಾಯ್ತಿದೀವಿ."

ಅಷ್ಟರಲ್ಲಿ ಕಿಟಕಿ ದಡಾರೆಂದು ತೆರೆಯಿತು. "ಏ ಮಗಾ, ಎಂಜಿನ್ ಆರ್ಸು!" ಎಂದಳು ಬುಲಾವಾನ್, ಕೆನ್ನೆಯ ಬಿಳಿ ಲೇಪದೊಂದಿಗೆ. "ನಿನ್ನ ಅಲೆಗೆ ನಮ್ಮ ಹಿರಿಯರು ಉರುಳ್ತಾರೆ. ನಿಮ್ಮನೇಲಿ ಅಜ್ಜಿ ಇಲ್ವಾ?"

ಅಧಿಕಾರಿ ಎಂಜಿನ್ ಆರಿಸಿದ. ಅವನ ಮನೆಯಲ್ಲಿ ಅಜ್ಜಿ ಇದ್ದಳೆಂದು ಮುಖವೇ ಹೇಳಿತು. ಅವನ ನಮೂನೆಯಲ್ಲಿ ದೋಣಿ ಎಂಬ ಕಲಮಿತ್ತು, ಸರಕು ಎಂಬ ಕಲಮಿತ್ತು, ಅತ್ತೆಮನೆ ಎಂಬ ಕಲಮಿರಲಿಲ್ಲ. ಬಹಳ ಹೊತ್ತು ಪೆನ್ನು ಕಚ್ಚಿ, ಕೊನೆಗೆ ಹಾಳೆಯನ್ನು ಮಡಚಿ ಜೇಬಿಗಿಟ್ಟು, ಸಲ್ಬಾನ್ ಕಿಟಕಿಯಿಂದ ಚಾಚಿದ ಹುರಿದ ಮೀನು ತಿನ್ನುತ್ತ, ಅಲೆಯೇಳದ ಹಾಗೆ ನಿಧಾನಕ್ಕೆ ಸರಿದುಹೋದ.

ಸಂಜೆಯ ಬಿಸಿಲಿನಲ್ಲಿ ಮನೆ ತಂಬಿಲಾನಿಗೆ ಬಂದು ತಲುಪಿತು. ಗಂಟೆವಾದ್ಯ ಬಾರಿಸಿದರು, ಹೆಂಗಸರು ಹುಟ್ಟು ಹಿಡಿದು ಕುಣಿದರು, ಪಂಗ್ಲಿಮಾ ಭಾಷಣ ಮಾಡಿದ. ತೆಂಗಿನಕಾಯಿ ಇದ್ದಲ್ಲೇ ಇತ್ತು. ಮೂರನೆಯ ದಿನ ಮದುವೆಯಾಯಿತು. ಲೋಕ್ ಬುವಾದವರು ಅಡುಗೆಮನೆ ಕದ್ದರೆಂದು ಜಗಳಕ್ಕೆ ಬಂದು, ಮದುವೆಯೂಟ ಉಂಡು, ಶಾಲೆ ನೋಡಿ, ಅಡುಗೆಮನೆಯನ್ನೂ ಬಿಟ್ಟು ತಮ್ಮ ಹದಿನೆಂಟು ಮಕ್ಕಳನ್ನೂ ಬಿಟ್ಟು ಹೋದರು. ಸಲ್ಬಾನ್ ತಾನಾಗಿಯೇ ಉಳಿದುಕೊಂಡ. ಶಾಲೆಗೆ ಈಗ ನಲವತ್ತೊಂದು ಮಕ್ಕಳು, ತರಾತಿಯ ಮನೆ ಸಾಲದೆ ಬುಲಾವಾನಳ ಮನೆಯೇ ಕಟ್ಟಡ, ಕದ್ದ ಅಡುಗೆಮನೆ ಚಿಕ್ಕವರ ತರಗತಿ.

ಒಂದೇ ಕೊರತೆ. ಕಂಬ ನೆಡಲು ಬುಲಾವಾನ್ ಒಪ್ಪಲಿಲ್ಲ.

"ಊರು ಹೇಗಿದೆ ನೋಡ್ತೀನಿ" ಎಂದಳು. "ಅಮಾವಾಸ್ಯೆ ಉಬ್ಬರದ ದಿನ ಹೇಳ್ತೀನಿ. ಹಿಡಿಸಿದ್ರೆ ಕಂಬ, ಇಲ್ದಿದ್ರೆ ವಾಪಸ್."

ಅಷ್ಟು ಎತ್ತರದ ನೀರು ಹುಣ್ಣಿಮೆಗೆ ಬಿಟ್ಟರೆ ಅಮಾವಾಸ್ಯೆಗೇ. ಅಂದರೆ ಮನೆ ಹದಿನೈದು ದಿನ ಎಂಟು ದೋಣಿಗಳ ಮೇಲೆ ತೇಲುತ್ತಿರಬೇಕು, ಎಂಟು ಮನೆಯ ಗಂಡಸರು ಮೀನು ಹಿಡಿಯಲು ಹೋಗದೆ ಜಗಲಿಯಲ್ಲಿ ಕೂತಿರಬೇಕು. ಎಂಟರಲ್ಲಿ ಒಂದು ದೋಣಿ ನನ್ನದು, ಅದರ ಎಂಜಿನ್ ಕಳಚಿ ಮನೆಯಲ್ಲಿಟ್ಟಿದ್ದೆ. ಬುಲಾವಾನಳ ಮುಖವನ್ನು ನಾವು ಆ ಹದಿನೈದು ದಿನ ನೋಡಿದಷ್ಟು ಗಾಢವಾಗಿ ನಮ್ಮ ಹೆಂಡತಿಯರ ಮುಖವನ್ನೂ ನೋಡಿರಲಿಲ್ಲ.

ಮದುವೆಯ ಮರುದಿನ ತರಗತಿ ಕೂತಿತು. ಬುಲಾವಾನ್ ಮುಂದಿನ ಸಾಲಿನಲ್ಲಿ ಮಕ್ಕಳ ನಡುವೆ ಕಾಲು ಮಡಿಸಿ ಕೂತಳು.

"ಅತ್ತೇ, ನೀವು...?" ಎಂದ ಮುಸಾರಿ.

"ನನ್ನ ಮನೆ, ನಾನು ಕೂತಿದೀನಿ. ಬರ್ಕೋ ನನ್ನ ಹೆಸ್ರನ್ನೂ. ಯಾವ ಪುಸ್ತಕದಲ್ಲೂ ನನ್ನ ಹೆಸ್ರಿಲ್ಲ. ಈ ವಯಸ್ಸಿಗೆ ಒಂದು ಪುಸ್ತಕ ಮನೆಗೇ ಬಂದಿದೆ, ಅದ್ರಲ್ಲೂ ನಾನಿಲ್ದಿದ್ರೆ ಹೆಂಗೆ?"

ಮುಸಾರಿ ಮುಂದಿನ ಸಾಲಿನವರ ಜೊತೆಗೇ ಬರೆದುಕೊಂಡ. ಹಾಜರಿ ಕರೆಯಲು ಶುರುಮಾಡಿದ. ಹತ್ತು ಹೆಸರು ಸಲೀಸಾಗಿ ಹೋಯಿತು. ಹನ್ನೊಂದನೆಯದಕ್ಕೆ ಬಾಯಿ ತೆರೆದವನು ತೆರೆದ ಹಾಗೇ ನಿಂತ.

ನಮ್ಮಲ್ಲಿ ಅತ್ತೆಯ ಹೆಸರನ್ನು ಅಳಿಯ ಬಾಯಿಗೆ ತರುವಂತಿಲ್ಲ. ತಂದರೆ ಹೊಟ್ಟೆ ಊದುತ್ತದೆ. ಇದು ಬರೀ ಹೇಳಿಕೆ ಮಾತಲ್ಲ, ಬೇಕಾದರೆ ಊರಿನಲ್ಲಿ ಊದಿದ ಹೊಟ್ಟೆಗಳನ್ನು ತೋರಿಸಿಯೇವು. ಮುಸಾರಿ ಆ ಹೆಸರನ್ನು ಬಿಟ್ಟು ಮುಂದಿನದಕ್ಕೆ ಹಾರಿದ.

"ನಂದು?" ಎಂದಳು ಬುಲಾವಾನ್.

"ಅತ್ತೇ, ನೀವು ಇದೀರಾ ಅಂತ ಕಾಣ್ತಾನೇ ಇದೆಯಲ್ಲ."

"ಕಾಣೋದಕ್ಕೇನು, ಅರವತ್ತು ವರ್ಷದಿಂದ ಎಲ್ರಿಗೂ ಕಾಣ್ತಿದೀನಿ. ಕರೀಬೇಕು. ಪುಸ್ತಕ ನೋಡಿ ಕರೀಬೇಕು."

ಜಲ್ಮಾ ಕರೆಯುವಂತಿಲ್ಲ, ಅವಳು ಮಗಳು. ಸಿಪುತ್ ಕರೆಯಲು ಹೋದಳು. "ಚಿಕ್ಕ ಮಕ್ಕಳ ಹತ್ರ ಹೆಸ್ರು ಕೂಗಿಸ್ಕೊಳ್ಳೋಕೆ ನಾನೇನು ಬೆಕ್ಕಾ?" ಎಂದಳು ಬುಲಾವಾನ್. ಪಂಗ್ಲಿಮಾ ಗಂಟಲು ಸರಿಮಾಡಿಕೊಂಡು ಮುಂದೆ ಬಂದ. "ನಿಮ್ಮ ಓದು ಲೋಕ್ ಬುವಾಕ್ಕೂ ಗೊತ್ತು, ಕೂತ್ಕೊಳ್ಳಿ ಟವೆಲ್ ಪಂಗ್ಲಿಮಾ" ಎಂದಳು. ಸಲ್ಬಾನನ ಕಣ್ಣಿಗೆ ಪೊರೆ. ಉಳಿದವಳು ಒಬ್ಬಳೇ, ವಯಸ್ಸಿನಲ್ಲಿ ಸಮ, ಗಂಟಲಿನಲ್ಲಿ ಸಮ.

ತರಾತಿ ಪುಸ್ತಕ ಈಸಿಕೊಂಡಳು. ಜೀವಮಾನದಲ್ಲಿ ಒಂದಕ್ಷರ ಓದಿದವಳಲ್ಲ. ಶಾಲೆಗೆ ಮನೆ ಕೊಟ್ಟಿದ್ದಳು, ಒಲೆ ಕೊಟ್ಟಿದ್ದಳು, ದಿನಾ ಪುತು ಕೊಟ್ಟಿದ್ದಳು, ಪಾಠ ಮಾತ್ರ ಕೇಳಿರಲಿಲ್ಲ. ಹಾಳೆಯ ಮೇಲೆ ಎಲ್ಲೋ ಒಂದು ಕಡೆ ಬೆರಳಿಟ್ಟು ರಾಜಠೀವಿಯಿಂದ ಕೂಗಿದಳು: "ಬುಲಾವಾನ್!"

ಬುಲಾವಾನ್ ಎದ್ದು ಬಂದು ಬೆರಳನ್ನು ನೋಡಿದಳು. ಪಕ್ಕದ ಹುಡುಗಿಯನ್ನು ಕೇಳಿದಳು, "ಇದು ಯಾರ ಹೆಸರೇ?"

"ನಂದು" ಎಂದಳು ಹುಡುಗಿ.

"ಬಾಯಿಪಾಠ!" ಎಂದಳು ಬುಲಾವಾನ್. "ಓದೋಕೆ ಬರದೇ ಇರೋಳು ಕಟ್ಟಿದ ಶಾಲೆ! ನನ್ನ ಹೆಸ್ರು ಓದೋಕೆ ಬರದ ಊರಲ್ಲಿ ನಂಗ್ಯಾಕೆ ಕಂಬ? ನಾಳೆ ನೋಡ್ತೀನಿ."

ಮರುದಿನದಿಂದ ತಂಬಿಲಾನಿನ ಬೆಳಗಿನ ತಿಂಡಿಯ ಸ್ವರೂಪ ಬದಲಾಯಿತು. ತರಾತಿ ಮುಸಾರಿಯಿಂದ ಆ ಒಂದು ಹೆಸರನ್ನು ಕಾಗದದ ಚೂರಿನ ಮೇಲೆ ಬರೆಸಿಕೊಂಡಿದ್ದಳು. ಬರೆಯುವುದಕ್ಕೆ ಹೊಟ್ಟೆ ಊದುವುದಿಲ್ಲವೆಂದು ಹಿರಿಯರು ತೀರ್ಪು ಕೊಟ್ಟಿದ್ದರು. ಪುತು ಹಿಟ್ಟಿನ ಮೇಲೆ ಬೆರಳಿನಿಂದ ಅದನ್ನು ತಿದ್ದಿ ತಿದ್ದಿ ಬೇಯಿಸಿದಳು. ಮೊದಲ ದಿನ ಏಡಿ ನಡೆದು ಹೋದ ಗುರುತು. ನಾಲ್ಕನೆಯ ದಿನ ಬಲೆಯಲ್ಲಿ ಸಿಕ್ಕಿದ ಏಡಿ. ಎಂಟನೆಯ ದಿನ ಮಕ್ಕಳು, "ಅಜ್ಜೀ, ಮೊದಲ್ನೇ ಅಕ್ಷರ ಬಂತು!" ಎಂದು ಕೂಗಿ ಅದನ್ನು ತಿಂದರು. ಊರು ಹತ್ತು ದಿನ ಬುಲಾವಾನಳನ್ನು ಮೀನಿನ ಸಾರಿನಲ್ಲಿ ಅದ್ದಿಕೊಂಡು ತಿಂದಿತು. ಆದರೆ ಪ್ರತಿ ಬೆಳಿಗ್ಗೆ ಹಾಜರಿಯಲ್ಲಿ ತರಾತಿಯ ಬೆರಳು ಎಲ್ಲಿಯೋ ಬೀಳುವುದು. ಒಂದು ದಿನ ಆವತ್ತು ಬಾರದೇ ಇದ್ದ ಹುಡುಗನ ಮೇಲೆ, ಒಂದು ದಿನ ಇಸವಿಯ ಮೇಲೆ. ಮುಸಾರಿ ಪ್ರತಿದಿನ ಹೆಸರುಗಳ ಸಾಲು ಬದಲಿಸಿ ಬರೆಯಬೇಕೆಂದು ಬುಲಾವಾನಳದೇ ಅಪ್ಪಣೆ. ಮೋಸ ನಡೆಯದು.

ಹನ್ನೊಂದನೆಯ ದಿನ ನಾವು ಎಂಟು ಮಂದಿ ದೋಣಿ ಮಾಲೀಕರು ತರಾತಿಯ ಬಳಿ ಹೋದೆವು.

"ಅಕ್ಕಾ, ಆಗುತ್ತಾ?"

"ನಿಮ್ಮ ಮುಖ ತೆಗ್ದು ಆ ಕಡೆ ಇಡಿ. ಎಲ್ಲಾ ಅಕ್ಷರಾನೂ ನಿಮ್ಮ ಥರಾನೇ ಕಾಣ್ತಿವೆ, ಸೊಟ್ಟ ಸೊಟ್ಟ" ಎಂದಳು. ಆದರೆ ಅವಳ ದನಿ ಮನೆಯಾಚೆ ಕೇಳಲಿಲ್ಲ. ಅಂಥದು ನಾನು ಕೇಳಿದ್ದು ಅದೊಂದೇ ಸಲ. ಅವಳ ಹಿಂದೆ ಸಿಪುತ್ ಮರಳಿನಲ್ಲಿ ಕೂತು ತನ್ನ ಪಾಡಿಗೆ ಬರೆಯುತ್ತಿದ್ದಳು.

ಅಮಾವಾಸ್ಯೆಯ ಬೆಳಿಗ್ಗೆ ಊರಿಗೆ ಊರೇ ಕಿಟಕಿಗಳಿಗೆ ಜೋತುಬಿದ್ದಿತ್ತು. ಒಂದು ಕಡೆ ಮ್ಯಾಂಗ್ರೋವ್ ಮರದ ಹೊಸ ಕಂಬಗಳ ರಾಶಿ, ಇನ್ನೊಂದು ಕಡೆ ಎಳೆಯಲು ಸಿದ್ಧವಾಗಿ ಎರಡು ಎಂಜಿನ್ ದೋಣಿ. ನೀರು ಏರುತ್ತಿತ್ತು. ಜಲ್ಮಾ ಗಂಡನ ಓಡದ ಕೈಗಡಿಯಾರ ಹಿಡಿದುಕೊಂಡು ಅಳುತ್ತಿದ್ದಳು. ಮುಸಾರಿ ಹಾಜರಿ ಕರೆಯುತ್ತ ಹೋಗಿ ಒಂದು ಕಡೆ ನಿಂತು ಪುಸ್ತಕವನ್ನು ತರಾತಿಗೆ ಕೊಟ್ಟ.

ತರಾತಿ ಪುಸ್ತಕವನ್ನು ಮೂಗಿನ ಹತ್ತಿರ ತಂದಳು, ದೂರ ಹಿಡಿದಳು. ಬೆರಳನ್ನು ಹಾಳೆಯ ಮೇಲಿನಿಂದ ಕೆಳಕ್ಕೆ, ಮೀನಿನ ಮುಳ್ಳು ಹುಡುಕುವವಳ ಹಾಗೆ ನಿಧಾನವಾಗಿ ಇಳಿಸಿದಳು. ನಿಲ್ಲಿಸಿದಳು. ಮುಂದೆ ಹೋದಳು. ಮತ್ತೆ ಹಿಂದಕ್ಕೆ ಬಂದಳು. ತುಟಿ ಅಲ್ಲಾಡಿತು. ಪುತು ತಿದ್ದುವಾಗಿನ ಹಾಗೆ ಬೆರಳು ಹಾಳೆಯ ಮೇಲೆ ಹೆಸರನ್ನು ಒಮ್ಮೆ ತಿದ್ದಿತು.

"ಬುಲಾವಾನ್" ಎಂದಳು, ಕೂಗದೆ.

ಬುಲಾವಾನ್ ಎದ್ದು ಬಂದಳು. ಬೆರಳನ್ನು ನೋಡಿದಳು. ಈ ಸಲ ಪಕ್ಕದವರನ್ನು ಕೇಳಲಿಲ್ಲ. ಇಷ್ಟು ದಿನದಲ್ಲಿ ಅವಳೂ ಅಷ್ಟು ಕಲಿತಿದ್ದಳು. ನೋಡುತ್ತ ನಿಂತಳು. ಕೆನ್ನೆಯ ಅಕ್ಕಿಹಿಟ್ಟಿನ ಮೇಲೆ ಒಂದು ಗೆರೆ ಒದ್ದೆಯಾಗಿ ಇಳಿಯಿತು. ಅವಳು ಅದನ್ನು ಒರೆಸಿಕೊಳ್ಳಲಿಲ್ಲ.

"ಇದೀನಿ" ಎಂದಳು.

ಆಮೇಲೆ ಕಿಟಕಿಯ ಕಡೆ ತಿರುಗಿ, "ಏನು ನೋಡ್ತಾ ನಿಂತಿದೀರೋ? ನೀರು ಇಳಿಯೋಕೆ ಮುಂಚೆ ಕಂಬ ನೆಡಿ!" ಎಂದಳು.

ನಾವು ಎಂಟು ಮಂದಿ ಒಟ್ಟಿಗೆ ನೀರಿಗೆ ಹಾರಿದ ಸದ್ದಿಗೆ ಮಕ್ಕಳು ಚಪ್ಪಾಳೆ ತಟ್ಟಿದರು. ಮೊದಲ ಕಂಬಕ್ಕೆ ಮೊದಲ ಏಟು ಬಿದ್ದದ್ದೇ ತಡ, ಮೇಲಿಂದ ಬುಲಾವಾನಳ ಗಂಟಲು ಗುಡುಗಿತು: "ಮೆಲ್ಲಗೆ ಹೊಡೀರೋ, ಪಾಠ ನಡೀತಿದೆ!"

ಮೆಲ್ಲಗೆ ಕಂಬ ಹೊಡೆಯುವ ವಿದ್ಯೆ ನಮಗಾರಿಗೂ ಗೊತ್ತಿರಲಿಲ್ಲ. ಆ ದಿನ ಕಲಿತೆವು. ನೆಲದ ಸಂದಿಯಿಂದ ಮೇಲಿನ ಮಾತು ಕೇಳುತ್ತಲೇ ಇತ್ತು. ಮುಸಾರಿ ಪುಸ್ತಕ ವಾಪಸು ಕೇಳುತ್ತಿದ್ದ, ತರಾತಿ ಕೊಡುತ್ತಿರಲಿಲ್ಲ.

"ಇರೋ, ತಾಳು" ಎನ್ನುತ್ತಿದ್ದಳು. "ಇದರ ಕೆಳಗಿಂದೂ ಅದೇ ಅಕ್ಷರದಿಂದ ಶುರುವಾಗುತ್ತೆ. ಇದು ಯಾರು?"

"ಚಿಕ್ಕಮ್ಮಾ, ಹೊತ್ತಾಗ್ತಿದೆ."

"ಓದ್ಲಿ ಬಿಡು ಅಳಿಯಾ" ಎಂದಳು ಬುಲಾವಾನ್. "ಅವಳು ಓದೋ ಹೊತ್ತಿಗೆ ಈ ಗಂಡಸರು ಒಂದು ಕಂಬನಾದ್ರೂ ನೆಟ್ಟಗೆ ನಿಲ್ಲಿಸ್ತಾರಾ ನೋಡೋಣ."